"ನಿಮಗೆ ಹೇಗೆ ಗೊತ್ತು ಸರ್?"

ಪ್ರತಿ ವರ್ಷ ಫೆಬ್ರವರಿ 20 ಬಂತು ಅಂದ್ರೆ ಸರ್ವಜ್ಞ ಜಯಂತಿ. ಫೋಟೋಗೆ ಹಾರ, ಗಣ್ಯರ ಭಾಷಣ, ಮಕ್ಕಳ ಬಾಯಲ್ಲಿ ನಾಲ್ಕು ತ್ರಿಪದಿ, ಕೊನೆಗೆ ವಂದನಾರ್ಪಣೆ. ಮುಗೀತು. ಒಂದು ಮಗು ಎದ್ದು ನಿಂತು, "ಸರ್, ಸರ್ವಜ್ಞ ಯಾವಾಗ ಇದ್ದ? ನಿಮಗೆ ಹೇಗೆ ಗೊತ್ತು?" ಅಂತ ಕೇಳಿದ್ರೆ? "ಸುಮ್ನೆ ಕೂತ್ಕೋ" ಅಂತೀವಿ. ಅಲ್ವಾ?

ಆದ್ರೆ ಇತಿಹಾಸದ ಪಾಠ ಶುರುವಾಗೋದೇ ಆ ಪ್ರಶ್ನೆಯಿಂದ.

ಹಾವೇರಿ ಜಿಲ್ಲೆ, ಹಿರೇಕೆರೂರು ತಾಲೂಕಿನ ಅಬಲೂರನ್ನೇ ತಗೊಳ್ಳಿ. ಸರ್ವಜ್ಞ ಹುಟ್ಟಿದ್ದು ಇಲ್ಲೇ ಅಂತ ಜನ ನಂಬ್ತಾರೆ. ಮಾಸೂರಿನವರು ನಮ್ಮೂರು ಅಂತಾರೆ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಹಾಗಾದ್ರೆ ಅವನ ಮಾತು ನಮ್ಮ ತನಕ ಬಂದದ್ದು ಹೇಗೆ? ಜನರ ನಾಲಿಗೆ ಮೇಲೆ, ಓಲೆಗರಿಗಳ ಮೇಲೆ. ಅವನ್ನೆಲ್ಲ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಉತ್ತಂಗಿ ಚನ್ನಪ್ಪನವರು. ಅವರೊಬ್ಬ ಕ್ರೈಸ್ತ ಪಾದ್ರಿ. ಇದನ್ನ ಎಷ್ಟು ಮಕ್ಕಳಿಗೆ ಹೇಳಿದೀವಿ? 2009ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ತಿರುವಳ್ಳುವರ್, ಚೆನ್ನೈನಲ್ಲಿ ಸರ್ವಜ್ಞ, ಹೀಗೆ ಎರಡು ಪ್ರತಿಮೆ ಅನಾವರಣ ಆದವು. ಸಂತೋಷ. ಪ್ರತಿಮೆ ನೋಡಿ ಮಗು ಕೈ ಮುಗಿಯುತ್ತೆ. ಚನ್ನಪ್ಪನವರ ಕಥೆ ಕೇಳಿದ ಮಗು, ಅಜ್ಜಿ ಬಾಯಲ್ಲಿರೋ ಪದವನ್ನೂ ಬರೆದಿಟ್ಟುಕೊಳ್ಳುತ್ತೆ.

ಇನ್ನು, ಇದೇ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 800 ವರ್ಷ ಹಳೆಯ ಶಾಸನ ಇದೆ. ಏಕಾಂತದ ರಾಮಯ್ಯನ ಕಥೆ ಅದರಲ್ಲಿದೆ. ಜೈನರೊಂದಿಗೆ ವಾದ, ಪಣ, ರಾಮಯ್ಯ ತನ್ನ ತಲೆಯನ್ನೇ ಕೊಯ್ದು ಶಿವನಿಗೆ ಅರ್ಪಿಸಿದ್ದು, ಏಳನೇ ದಿನ ತಲೆ ಮತ್ತೆ ಕೂಡಿದ್ದು, ಕಲ್ಯಾಣದ ಬಿಜ್ಜಳ ಜಯಪತ್ರ ಕೊಟ್ಟದ್ದು. ಈ ಪ್ರಸಂಗದ ಶಿಲ್ಪಗಳೂ ಅಲ್ಲಿವೆ.

ಇದನ್ನ ಮಕ್ಕಳಿಗೆ ಹೇಗೆ ಹೇಳ್ತೀರಿ? ಪವಾಡ ಅಂತ ಹೇಳಿ ಮುಗಿಸೋದು ಒಂದು ದಾರಿ. ಜಗಳದ ವಿಷಯ, ನಮಗ್ಯಾಕೆ ಅಂತ ಮುಚ್ಚಿಡೋದು ಇನ್ನೊಂದು. ಎರಡೂ ತಪ್ಪು. ಮೂರನೇ ದಾರಿ ಇದೆ. ಮಕ್ಕಳನ್ನ ಕಲ್ಲಿನ ಮುಂದೆ ನಿಲ್ಲಿಸಿ. ಕೇಳಿ: ಇದನ್ನ ಕೆತ್ತಿಸಿದವರು ಯಾರ ಕಡೆಯವರು? ಸೋತವರು ಬರೆಸಿದ್ದರೆ ಹೇಗೆ ಬರೆಸ್ತಿದ್ರು? ಬಿಜ್ಜಳ ಇದ್ದನಾ? ಇದ್ದ, ಬೇರೆ ಶಾಸನಗಳೂ ಹೇಳ್ತವೆ. ತಲೆ ಕೂಡಿತಾ? ಅದು ಭಕ್ತರ ನಂಬಿಕೆ. ಹಾಗಂತಲೇ ಹೇಳಿ. ನಂಬಿಕೆಯನ್ನ ಗೇಲಿ ಮಾಡಬೇಡಿ, ನಂಬಿಕೆಯನ್ನೇ ಪುರಾವೆ ಅಂತಲೂ ಕಲಿಸಬೇಡಿ. ಕನ್ನಡದ ಆದಿಕವಿ ಪಂಪ ಜೈನ ಅನ್ನೋದನ್ನೂ ಅದೇ ದಿನ ಹೇಳಿ. ಆಗ 800 ವರ್ಷದ ಹಿಂದಿನ ಜಗಳ ಪಕ್ಕದ ಬೆಂಚಿನ ಗೆಳೆಯನ ಮೇಲೆ ಬೀಳೋದಿಲ್ಲ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ನಾವು ಮೇಷ್ಟ್ರ ಹತ್ತಿರ ಕಲಿತ ಇತಿಹಾಸವನ್ನ ಇವತ್ತಿನ ಮಕ್ಕಳು ಮೊಬೈಲ್‌ನಿಂದ ಕಲೀತಿದಾರೆ. ಅರ್ಧ ನಿಮಿಷದ ವಿಡಿಯೋ, ಹಿಂದೆ ಅಬ್ಬರದ ಸಂಗೀತ. ಅದರಲ್ಲಿ ಒಬ್ಬ ದೇವರು, ಇನ್ನೊಬ್ಬ ದ್ರೋಹಿ. ನಾವು ಟಿವಿಯವರೂ ಈ ವಿಷಯದಲ್ಲಿ ಸಾಚಾಗಳೇನಲ್ಲ, ಒಪ್ಕೋತೀನಿ.

ಹಾಗಾಗಿ ಮುಂದಿನ ಜಯಂತಿಗೆ ಹಾರ ಹಾಕಿ, ಬೇಡ ಅನ್ನಲ್ಲ. ಆದ್ರೆ ಆ ಮಗು ಎದ್ದು "ನಿಮಗೆ ಹೇಗೆ ಗೊತ್ತು?" ಅಂದಾಗ ಕೂರಿಸಬೇಡಿ. "ಬಾ, ಇಬ್ರೂ ಹುಡುಕೋಣ" ಅನ್ನಿ. ಎಲ್ಲವನ್ನೂ ಪ್ರಶ್ನಿಸಿದ ಸರ್ವಜ್ಞನಿಗೆ ಅದಕ್ಕಿಂತ ದೊಡ್ಡ ಹಾರ ಇನ್ನೇನಿದೆ?