ಸಿಪ್ಪೆಯ ಬೆಲೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರೈಲು ನಿಲ್ದಾಣದ ಬಳಿಯ ಹಣ್ಣಿನ ರಸದ ಅಂಗಡಿಗಳಲ್ಲಿ ರಾಶಿ ಬೀಳುವ ಕಿತ್ತಳೆ ಸಿಪ್ಪೆಯನ್ನು ತಂದು, ಒಣಗಿಸಿ, ಪುಡಿಮಾಡಿ ಮಾರಿದರೆ ಸಂಬಳದ ಜೊತೆಗೆ ನಾಲ್ಕು ಕಾಸು ಆಗಲಾರದೇ ಎಂದು ನಮ್ಮ ಸದಸ್ಯರಿಬ್ಬರು ಕೇಳಿದರು. ನಾವು ವಿಜ್ಞಾನಿಗಳಲ್ಲ, ಇಲ್ಲಿ ಪುಸ್ತಕ ಜೋಡಿಸುವವರು. ಆದರೂ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಅವರ ಮಾತಿನಲ್ಲಿ ಹುರುಳಿದೆ. ಕಿತ್ತಳೆಯ ರಸ ಹಿಂಡಿದ ಮೇಲೆ ಸಿಪ್ಪೆ, ನಾರು, ಬೀಜಗಳೆಂದು ಹಣ್ಣಿನ ತೂಕದ ಸುಮಾರು ಅರ್ಧದಷ್ಟು ಉಳಿಯುತ್ತದೆ. ಆ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಪದಾರ್ಥವುಂಟು. 1825ರಲ್ಲಿ ಫ್ರಾನ್ಸಿನ ಬ್ರಾಕೊನೊ ಎಂಬ ರಸಾಯನ ಶಾಸ್ತ್ರಜ್ಞರು ಅದಕ್ಕೆ ಈ ಹೆಸರಿಟ್ಟರು. ಜಾಮು ಹರಿಯದೆ ಗಟ್ಟಿಯಾಗಿ ನಿಲ್ಲುವುದು ಇದರಿಂದಲೇ.

ಇದು ನಮ್ಮ ಜಠರದಲ್ಲಿ ಜೀರ್ಣವಾಗದ, ನೀರಿನಲ್ಲಿ ಕರಗುವ ನಾರು. ಕರುಳಿನಲ್ಲಿ ಲೋಳೆಯಂತಾಗಿ ಪಿತ್ತರಸದ ಒಂದು ಭಾಗವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತವನ್ನು ತಯಾರಿಸಲು ದೇಹವು ರಕ್ತದ ಕೊಲೆಸ್ಟರಾಲನ್ನು ಬಳಸಬೇಕಾಗುತ್ತದೆ. ದಿನಕ್ಕೆ 6 ಗ್ರಾಂ ಪೆಕ್ಟಿನ್ ಕೊಲೆಸ್ಟರಾಲನ್ನು ಹದದಲ್ಲಿಡಲು ನೆರವಾಗುತ್ತದೆಂದು ಆಹಾರದ ಪೊಟ್ಟಣದ ಮೇಲೆ ಅಚ್ಚುಹಾಕಲು ಯುರೋಪಿನ ಒಕ್ಕೂಟವು 2012ರಲ್ಲಿ ಒಪ್ಪಿಗೆಯಿತ್ತಿತು. ಹಾಗೆಂದು ವೈದ್ಯರು ಕೊಟ್ಟ ಔಷಧವನ್ನು ಯಾರೂ ಬಿಡತಕ್ಕದ್ದಲ್ಲ.

ಹಾಗಾದರೆ ತೊಡಕೆಲ್ಲಿ? ತಡದಲ್ಲಿ. ಹಸಿ ಸಿಪ್ಪೆಯಲ್ಲಿ ನೀರೂ ಇದೆ, ಸಕ್ಕರೆಯೂ ಇದೆ. ಬಿಸಿಲಿನ ದಿನ ರಾಶಿ ಹಾಕಿದರೆ ಬೇಗನೆ ಹುಳಿತು ಬೂಷ್ಟು ಹಿಡಿಯುತ್ತದೆ. ಸಿಪ್ಪೆಯೊಳಗಿನ ಕಿಣ್ವಗಳೇ ಪೆಕ್ಟಿನ್ನನ್ನು ಕೆಡಿಸತೊಡಗುತ್ತವೆ. ಆದ್ದರಿಂದ ಕಾರ್ಖಾನೆಯವರು ತಡಮಾಡದೆ ಸಿಪ್ಪೆಯನ್ನು ಕತ್ತರಿಸಿ, ಬಿಸಿ ತಾಗಿಸಿ, ಸಕ್ಕರೆ ಹೋಗುವಂತೆ ತೊಳೆದು ಒಣಗಿಸುತ್ತಾರೆ. ಆಮೇಲೆ ತೆಳು ಆಮ್ಲ ಬೆರೆತ ಬಿಸಿನೀರಿನಲ್ಲಿ ಪೆಕ್ಟಿನ್ನನ್ನು ಬಿಡಿಸಿ, ಸೋಸಿ, ಆಲ್ಕೊಹಾಲಿನಿಂದ ಬೇರ್ಪಡಿಸಿ ಪುಡಿಮಾಡುತ್ತಾರೆ.

ಕರಾವಳಿಯ ಮಿತ್ರರಿಗೆ ಇದು ಹೊಸತಲ್ಲ. ಮುರುಗಲು ಹಣ್ಣಿನ ಸಿಪ್ಪೆಯನ್ನು ಸಾರಿಗೆ ಒಣಗಿಸಿದ ಮೇಲೆ, ಬೀಜವನ್ನು ಎಸೆಯದೆ ತುಪ್ಪ ತೆಗೆಯುವ ಪದ್ಧತಿ ಅವರದು. ಚಾಕೊಲೇಟಿಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳನ್ನು ಯುರೋಪಿನ 2000ದ ಕಾಯಿದೆ ಹೆಸರಿಸಿದಾಗ ಮುರುಗಲ ತುಪ್ಪವೂ, ಮಾವಿನ ಓಟೆಯ ಕೊಬ್ಬೂ ಆ ಪಟ್ಟಿಯಲ್ಲಿದ್ದವು. ಹಳ್ಳಿಯಲ್ಲಿ ಹಣ್ಣಿಗೂ ಒಲೆಗೂ ನಡುವೆ ದೂರವಿರಲಿಲ್ಲ. ಪಟ್ಟಣದಲ್ಲಿ ಆ ದೂರವೇ ಸಿಪ್ಪೆಯನ್ನು ಕಸವಾಗಿಸುತ್ತದೆ.

ಆದಕಾರಣ ಆ ಇಬ್ಬರು ಮಿತ್ರರಿಗೆ ನಮ್ಮ ಉತ್ತರ: ಬೀದಿಯ ರಾಶಿಯನ್ನು ಮುಟ್ಟಬೇಡಿ. ನೊಣ ಕೂತದ್ದು, ಕೊಳೆತದ್ದು, ಮದ್ದು ಸಿಂಪಡಿಸಿದ್ದು ಎಲ್ಲವೂ ಅದರಲ್ಲಿ ಬೆರೆತಿರಬಹುದು. ತಿನ್ನುವ ಪದಾರ್ಥ ಮಾರಲು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿಯೂ ಬೇಕು. ಕೂಡಿಟ್ಟ ಹಣವನ್ನು ಇದಕ್ಕೆ ಸುರಿದು ಕಳೆದುಕೊಳ್ಳಬೇಡಿರಿ.

ಆದರೆ ಖೋಲಿಗೆ ತಂದ ಹಣ್ಣು ನಮ್ಮದೇ. ಸುಲಿಯುವ ಮೊದಲೇ ಚೆನ್ನಾಗಿ ತೊಳೆಯಿರಿ. ಅಂದೇ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಹುಣಿಸೆ, ಬೆಲ್ಲ, ಖಾರ ಹಾಕಿ ಗೊಜ್ಜು ಕುದಿಸಿರಿ. ನಮ್ಮ ತಾಯಂದಿರು ಪೆಕ್ಟಿನ್ನಿನ ಹೆಸರು ಕೇಳಿದವರಲ್ಲ. ತಡ ಮಾಡಬಾರದೆಂಬುದನ್ನು ಮಾತ್ರ ಬಲ್ಲವರಾಗಿದ್ದರು.