ಅರಮನೆಯ ಚಿತ್ರಗಾರರ ಮನೆಯಿಂದ ಬಂದವರು

ಮೈಸೂರು ಅರಮನೆಗೆ ತಲೆತಲಾಂತರದಿಂದ ಚಿತ್ರ ಬರೆದುಕೊಡುತ್ತಿದ್ದ ಮನೆತನಗಳಿದ್ದವು. ದೊರೆ ಹೇಳಿದ್ದನ್ನು ಬರೆಯುವುದು ಅವರ ಕಸುಬು. ಅಂಥದೊಂದು ಮನೆಯಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು, ಕಲಾವಿದ ತನ್ನ ಇಚ್ಛೆಯಂತೆ ಬದುಕಬಹುದು ಎಂದು ಬಾಳಿ ತೋರಿಸಿದರು.

ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಟಾಗೋರರು ಗುರು, ನಂದಲಾಲ ಬೋಸರು ಜೊತೆಗಾರ. 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು. ಪುರಾಣದ ಚಿತ್ರಗಳನ್ನೇ ಬರೆದುಕೊಂಡು ಇಡೀ ಬದುಕು ಕಳೆಯಬಹುದಿತ್ತು.

ಅವರು ಹಾಗೆ ಮಾಡಲಿಲ್ಲ. ಮೈಸೂರಿಗೆ ಮರಳಿ ವೀಣೆ ಶೇಷಣ್ಣನವರ ಎದುರು ಶಿಷ್ಯನಾಗಿ ಕೂತರು. ಕುಂಚ ಪಕ್ಕಕ್ಕೆ ಸರಿಯುವಷ್ಟು ವೀಣೆಯ ಹುಚ್ಚು ಹಿಡಿಯಿತು. ಕೊನೆಗೆ ಆ ಹುಚ್ಚೇ ಅವರ ಒಂದು ಚಿತ್ರಕ್ಕೆ ವಸ್ತುವಾಯಿತು.

1926ರ ಸುಮಾರಿಗೆ ಅವರು ಊಟಿಯನ್ನು ಜಲವರ್ಣದಲ್ಲಿ ಬರೆಯತೊಡಗಿದರು. ಅಲ್ಲಿ ದೇವರಿಲ್ಲ, ರಾಜರಿಲ್ಲ, ಕಥೆಯೂ ಇಲ್ಲ. ಬೆಟ್ಟದ ಮೇಲಿಳಿಯುವ ಮಂಜು, ಕೆರೆಯ ನೀರಿನ ಮೇಲಿನ ಬೆಳಕು, ಸರಿಯುತ್ತಿರುವ ಮೋಡ, ಅಷ್ಟೆ. ಜಲವರ್ಣದಲ್ಲಿ ಬಣ್ಣ ಒಮ್ಮೆ ಕಾಗದ ಹಿಡಿದರೆ ತಿದ್ದುವುದು ಕಷ್ಟ. ವೆಂಕಟಪ್ಪನವರದು ತೆಳುವಾದ ಬಣ್ಣ, ಅವಸರವಿಲ್ಲದ ಕೈ. ಬೆಟ್ಟ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ನಿಸರ್ಗವನ್ನೇ ಚಿತ್ರದ ನಾಯಕನನ್ನಾಗಿಸಿದ ಈ ಕೆಲಸ ಕರ್ನಾಟಕದ ಆಧುನಿಕ ಕಲೆಗೆ ಬುನಾದಿಗಳಲ್ಲೊಂದು.

ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸ ನಿಂತುಹೋಯಿತು. ತಮಗೆ ಸಲ್ಲಬೇಕಾದ ಹಣಕ್ಕಾಗಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲೇರಿದರು. ಅರಮನೆಯ ಆಶ್ರಯದಲ್ಲೇ ಬೆಳೆದ ಮನೆತನದವರು ಅರಮನೆಯನ್ನೇ ದುಡಿಮೆಯ ಬೆಲೆ ಕೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಇದು ಹಟವಲ್ಲ, ಸ್ವಾಭಿಮಾನ. ಅವರ ಚಿತ್ರಗಳಷ್ಟೇ ಈ ನಡೆಯೂ ಆಧುನಿಕ.

ಕೊನೆಯವರೆಗೂ ಬ್ರಹ್ಮಚಾರಿಯಾಗಿಯೇ ಉಳಿದ ಅವರು ಬೆಂಗಳೂರಿನಲ್ಲಿ ನೆಲೆಸಿ, ಚಿತ್ರಗಳನ್ನು ಮಾರಾಟಕ್ಕಿಡದೆ ಜೋಪಾನ ಮಾಡಿದರು. ಲಲಿತ ಕಲಾ ಅಕಾಡೆಮಿಯ ಫೆಲೋ ಗೌರವ ಅವರನ್ನು ಹುಡುಕಿಕೊಂಡು ಬಂತು. 1965ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ಅವರ ಹೆಸರಿನ ಕಲಾ ಗ್ಯಾಲರಿ ಇದೆ.

ರಜೆಗೆ ಮಕ್ಕಳನ್ನು ಊಟಿಗೆ ಕರೆದೊಯ್ಯುವವರು ವೆಂಕಟಪ್ಪನವರ ಊಟಿಯನ್ನೂ ಅವರಿಗೆ ತೋರಿಸಿ. ಚಿತ್ರದ ಮುಂದೆ ತುಸು ಹೊತ್ತು ನಿಲ್ಲಲು ಬಿಡಿ, ವಿವರಿಸಲು ಅವಸರಪಡಬೇಡಿ.