ಕೋಟೆಯ ಭೂತಗಳು

(ವಾಚನಾಲಯದ ಸದಸ್ಯರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಕಾರ್ಯದರ್ಶಿಗಳೇ ನಮಗೆ ಗೊತ್ತುಮಾಡಿ ಕೊಟ್ಟಿದ್ದಾರೆ. ಕಳೆದ ತಿಂಗಳು ನಮ್ಮ ವಾಚನಾಲಯದ ಹನ್ನೊಂದು ಮಂದಿ ಸೇರಿ, ಮುಂಬಯಿಯ ಕೋಟೆ ಭಾಗದಲ್ಲಿ ಸಂಜೆ ಹೊತ್ತು ನಡೆಯುವ ‘ಭೂತದ ನಡಿಗೆ’ಗೆ ಹೋಗಿಬಂದೆವಷ್ಟೆ. “ಪುಸ್ತಕ ಓದಿಸಬೇಕಾದ ಸಂಸ್ಥೆ ಹುಡುಗರಿಗೆ ಭೂತ ತೋರಿಸಲು ಹೊರಟಿದೆ, ಇದು ಸರಿಯೇ?” ಎಂದು ಹಿರಿಯರೊಬ್ಬರು ಸಲಹಾ ಪುಸ್ತಕದಲ್ಲಿ ಬರೆದರು. ಪ್ರಶ್ನೆ ನ್ಯಾಯವಾದದ್ದೇ. ಬರವಣಿಗೆಯಲ್ಲಿ ಎರಡು ಸಾಲಿನ ಉತ್ತರ ಕೊಡುವುದಕ್ಕಿಂತ, ಕಂಡದ್ದನ್ನು ಕಂಡ ಹಾಗೆ ಎಲ್ಲರ ಮುಂದೆ ಇಡುವುದು ಮೇಲೆಂದು ನಿಂತಿದ್ದೇವೆ. ನಾವು ಪಂಡಿತರಲ್ಲ. ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಆ ಕಣ್ಣಿನಿಂದಲೇ ನೋಡಿದ್ದೇವೆ, ಆ ನಾಲಗೆಯಿಂದಲೇ ಹೇಳುತ್ತೇವೆ.

ಭೂತದ ನಡಿಗೆ ಎಂಬ ಕಸಬು ಮೊದಲು ಬೇರೂರಿದ್ದು ಪರದೇಶದಲ್ಲಿ. ಇಂಗ್ಲೆಂಡಿನ ಯಾರ್ಕ್ ಎಂಬ ಹಳೆಯ ಪಟ್ಟಣದಲ್ಲಿ 1973ರಿಂದ ಇದು ನಡೆದುಬಂದಿದೆ. ಎಡಿನ್‌ಬರೋ ನಗರದಲ್ಲೂ ಬಹಳ ಜನಪ್ರಿಯ. ಕತ್ತಲಾಗುವ ವೇಳೆಗೆ ಒಬ್ಬ ಗೈಡ್ ಇಪ್ಪತ್ತು ಮೂವತ್ತು ಜನರನ್ನು ಕೂಡಿಸಿಕೊಂಡು ಹಳೆಯ ಬೀದಿಗಳಲ್ಲಿ ನಡೆಸುತ್ತಾನೆ. ಕೊಲೆ ನಡೆದ ಮನೆ, ಗಲ್ಲುಗಂಬದ ಕಟ್ಟೆ, ಪ್ಲೇಗು ಹೊಕ್ಕ ಓಣಿ ತೋರಿಸುತ್ತಾನೆ. ಧ್ವನಿ ತಗ್ಗಿಸಿ ಕಥೆ ಹೇಳುತ್ತಾನೆ. ಕೇಳುವವರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು, ಒಂದಿಷ್ಟು ಹೆದರಿ, ಒಂದಿಷ್ಟು ನಕ್ಕು ಮನೆಗೆ ಹೋಗುತ್ತಾರೆ. ಈಗ ನಮ್ಮ ನಗರಗಳಿಗೂ ಈ ಪದ್ಧತಿ ಬಂದಿದೆ.

ನಮ್ಮ ಗೈಡ್ ಇಪ್ಪತ್ತೈದರ ತರುಣ. ಹಿಂದಿ, ಇಂಗ್ಲಿಷು, ಮರಾಠಿ ಮೂರೂ ಬೆರೆಸಿ ಮಾತನಾಡುತ್ತಿದ್ದ. ಕೈಯಲ್ಲೊಂದು ಲಾಟೀನು, ಅದರೊಳಗೆ ಬ್ಯಾಟರಿಯ ದೀಪ! ಮಾತಿನಲ್ಲಿ ಚುರುಕು, ನಡಿಗೆಯಲ್ಲಿ ಅದಕ್ಕಿಂತ ಚುರುಕು. ಆಜಾದ್ ಮೈದಾನದ ಮೂಲೆಯಲ್ಲಿ ನಮ್ಮ ಎಣಿಕೆ ತೆಗೆದುಕೊಂಡು ಆರಂಭಿಸಿದ.

ಆ ಮೈದಾನದಲ್ಲಿ ಹಗಲು ಕ್ರಿಕೆಟ್ಟು ನೋಡಿದವರು ನಾವೆಲ್ಲ. 1857ರ ಅಕ್ಟೋಬರ್ 15ರಂದು ಅದೇ ಬಯಲಿನಲ್ಲಿ ಸೈಯದ್ ಹುಸೇನ್, ಮಂಗಲ್ ಗಾಡಿಯಾ ಎಂಬ ಇಬ್ಬರು ಸಿಪಾಯಿಗಳನ್ನು ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸಿದರು. ದೀಪಾವಳಿಯ ಹೊತ್ತಿಗೆ ದಂಗೆ ಏಳಲು ಸಂಚು ಮಾಡಿದರೆಂದು ಅವರ ಮೇಲಿನ ಆಪಾದನೆ. ಅಂದಿನ ಪೊಲೀಸ್ ಅಧಿಕಾರಿ ಫೋರ್ಜೆಟ್ ವೇಷ ಮರೆಸಿಕೊಂಡು ಊರು ಸುತ್ತಿ ಸುದ್ದಿ ಸಂಗ್ರಹಿಸಿದ್ದ. ದಹನಕ್ಕಾಗಲಿ ದಫನಕ್ಕಾಗಲಿ ಇಡೀ ದೇಹ ಉಳಿಯದಂಥ ಮರಣ ಅದು. “ಅಮಾವಾಸ್ಯೆಯ ರಾತ್ರಿ ಇಲ್ಲಿ ಗುಂಡಿನ ಸದ್ದು ಕೇಳುತ್ತದೆ” ಎಂದ ಗೈಡ್. ನಮಗೆ ಕೇಳಿದ್ದು ಬಸ್ಸಿನ ಹಾರ್ನು ಮಾತ್ರ. ಆದರೆ ಆ ಎರಡು ಹೆಸರುಗಳನ್ನು ನಮ್ಮ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಅಂದೇ ಮೊದಲು ಕೇಳಿದ್ದು.

ಅಲ್ಲಿಂದ ಬೋರಿಬಂದರ ನಿಲ್ದಾಣವನ್ನು ದಾಟಿ ಪಿ. ಡಿಮೆಲ್ಲೊ ರಸ್ತೆಗೆ ಬಂದೆವು. ಸೇಂಟ್ ಜಾರ್ಜ್ ಆಸ್ಪತ್ರೆಯ ಹತ್ತಿರ ಹಳೆಯ ಕೋಟೆಯ ಗೋಡೆಯ ಒಂದು ತುಂಡು ಇಂದಿಗೂ ನಿಂತಿದೆ. ಉಳಿದ ಗೋಡೆಯನ್ನೆಲ್ಲ 1860ರ ದಶಕದಲ್ಲಿ ಕೆಡವಿದರು. ಗೋಡೆ ಹೋದರೂ ಹೆಸರು ಉಳಿಯಿತು. ಇಂದಿಗೂ ನಾವು ‘ಕೋಟೆ’ ಎಂದೇ ಅನ್ನುತ್ತೇವೆ. ಗೈಡ್ ಅಲ್ಲಿ ಉತ್ತರ ದಿಕ್ಕಿಗೆ ಕೈ ತೋರಿಸಿ, ವಿಕ್ಟೋರಿಯಾ ಡಾಕಿನ ಕಥೆ ತೆಗೆದ.

ಬಂಧುಗಳೇ, ಇದೊಂದು ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು.

1944ರ ಏಪ್ರಿಲ್ ತಿಂಗಳು, ಎರಡನೆಯ ಮಹಾಯುದ್ಧದ ಕಾಲ. ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಇಂಗ್ಲೆಂಡಿನಿಂದ ಹೊರಟು ಕರಾಚಿಯ ಮಾರ್ಗವಾಗಿ ಮುಂಬಯಿಗೆ ಬಂತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕಗಳು. ಕರಾಚಿಯಲ್ಲಿ ಅದರ ಜೊತೆಗೇ ಸಾವಿರಾರು ಹತ್ತಿಯ ಬೇಲುಗಳನ್ನು ತುಂಬಿದರು. ಹತ್ತಿಯ ಬೇಲು ಎಂದರೇನೆಂದು ಗಿರಣಿಯವರಾದ ನಮ್ಮನ್ನು ಕೇಳಿ. ಬಿಗಿದು ಕಟ್ಟಿದ ಬೇಲಿಗೆ ಒಮ್ಮೆ ಕಿಡಿ ತಾಗಿದರೆ, ಮೇಲೆ ನೀರು ಸುರಿದು ಆರಿತೆಂದುಕೊಂಡರೂ ಒಳಗೆ ಕಾಯುತ್ತಲೇ ಇರುತ್ತದೆ. ಅಂಥದನ್ನು ಮದ್ದುಗುಂಡುಗಳ ಮಗ್ಗುಲಲ್ಲಿ ಇಟ್ಟಿದ್ದರು.

ಏಪ್ರಿಲ್ 14ರಂದು ಮಧ್ಯಾಹ್ನ ಹಡಗಿನಿಂದ ಹೊಗೆ ಕಂಡಿತು. ಬಂಬಿನವರು ಓಡಿಬಂದು ನೀರು ಹಾಯಿಸಿದರು. ಬೆಂಕಿ ಜಗ್ಗಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ತಾಸು ಕಳೆಯುವಷ್ಟರಲ್ಲಿ ಅದಕ್ಕಿಂತ ದೊಡ್ಡ ಎರಡನೆಯ ಸ್ಫೋಟ. ಭೂಮಿ ನಡುಗಿದ್ದು ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತಂತೆ. ಹಡಗುಗಳು, ಗೋದಾಮುಗಳು, ಸುತ್ತಲಿನ ವಸತಿಗಳು ಸುಟ್ಟುಹೋದವು. ಯುದ್ಧಕಾಲದ ಸೆನ್ಸಾರು ಈ ಸುದ್ದಿಯನ್ನು ವಾರಗಟ್ಟಲೆ ಹಿಡಿದಿಟ್ಟಿತು.

ಇನ್ನು ಲೆಕ್ಕಕ್ಕೆ ಬರೋಣ. ಆ ಹಡಗಿನಲ್ಲಿ ಚಿನ್ನವೂ ಇತ್ತು. ಎಷ್ಟು? 31 ಪೆಟ್ಟಿಗೆಗಳಲ್ಲಿ 124 ಗಟ್ಟಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದಶಕಗಳು ಕಳೆದ ಮೇಲೂ ಡಾಕಿನ ಹೂಳೆತ್ತುವಾಗ ಗಟ್ಟಿ ಸಿಕ್ಕಿದ್ದುಂಟು. ಬೆಂಕಿ ಆರಿಸಲು ಹೋಗಿ ಸತ್ತ ಅಗ್ನಿಶಾಮಕ ದಳದವರು ಎಷ್ಟು? 66 ಮಂದಿ. ಅವರ ನೆನಪಿಗಾಗಿ ದೇಶದಲ್ಲೆಲ್ಲ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ಉಳಿದವರು? ಡಾಕಿನ ಹಮಾಲರು, ಗಾಡಿಯವರು, ಹತ್ತಿರದ ಓಣಿಗಳ ಜನ? ಒಟ್ಟು ಸತ್ತವರು 800 ಎಂದು ಒಂದು ಲೆಕ್ಕ, 1,300 ಎಂದು ಇನ್ನೊಂದು ಲೆಕ್ಕ. ನಡುವೆ 500 ಮನುಷ್ಯರ ವ್ಯತ್ಯಾಸ!

ಈ ವ್ಯತ್ಯಾಸ ಹೇಗೆ ಬಂತು? ಗುಮಾಸ್ತನಿಗೆ ಉತ್ತರ ಹೊಳೆಯಲು ಹೊತ್ತು ಬೇಕಿಲ್ಲ. ಬಂಬಿನವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಸಂಜೆ ಹೆಸರು ಕೂಗಿದರೆ ಓಗೊಡದವನು ಯಾರೆಂದು ತಿಳಿಯುತ್ತಿತ್ತು. ಡಾಕಿನ ಕೂಲಿಯಾದರೋ ಆ ಕಾಲದಲ್ಲಿ ದಿನಗೂಲಿ. ಟೋಳಿವಾಲ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬೆರಳು ತೋರಿಸಿದವನಿಗೆ ಅಂದಿನ ಕೆಲಸ. ಡಾಕಿನ ಕಾರ್ಮಿಕರನ್ನು ನೋಂದಾಯಿಸಿ ಕೆಲಸ ಕೊಡಬೇಕೆಂಬ ಕಾನೂನು ಆದದ್ದು 1948ರಲ್ಲಿ. ನಾಲ್ಕು ವರ್ಷ ತಡವಾಯಿತು.

ಗೈಡ್ ಮಾತ್ರ ಇದನ್ನು ಬೇರೆ ರೀತಿ ಹೇಳಿದ. “ಇಂದಿಗೂ ರಾತ್ರಿ ಪಾಳಿಯವರಿಗೆ ಸುಟ್ಟ ಮೈಯ ಹಮಾಲ ಕಾಣಿಸುತ್ತಾನೆ, ‘ನನ್ನ ಕೂಲಿ ಎಲ್ಲಿ?’ ಎಂದು ಕೇಳುತ್ತಾನೆ” ಎಂದ. ಹುಡುಗರು ನಕ್ಕರು. ನಮ್ಮೊಡನೆ ಬಂದಿದ್ದ, ಎಂಬತ್ತರ ಅಂಚಿನ ಹಿರಿಯರೊಬ್ಬರು ನಗಲಿಲ್ಲ. ಇಲ್ಲಿ ನಿತ್ಯ ಬಂದು ಪತ್ರಿಕೆ ಓದುವವರು ಅವರು. ಹೆಸರು ಹೇಳಬೇಡಿರೆಂದು ಕೇಳಿಕೊಂಡಿದ್ದಾರೆ. ಕಥೆ ಹೇಳಲು ಅನುಮತಿ ಕೊಟ್ಟಿದ್ದಾರೆ.

ಅವರದು ಕುಂದಾಪುರದ ಕಡೆಯ ಅಳಿಯಸಂತಾನದ ಮನೆ. ಅವರ ಸೋದರಮಾವ ಈ ಡಾಕಿನಲ್ಲಿ ಕೂಲಿ ಮಾಡುತ್ತಿದ್ದರು. ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರು ಬರುತ್ತಿತ್ತು. 1944ರ ಏಪ್ರಿಲಿನ ನಂತರ ಬರಲಿಲ್ಲ, ಕಾಗದವೂ ಬರಲಿಲ್ಲ. ಊರಿನಲ್ಲಿ ಆಟಿ ತಿಂಗಳಲ್ಲಿ ಗತಿಸಿದವರಿಗೆ ಎಲೆ ಹಾಕಿ ಬಡಿಸುವ ವಾಡಿಕೆಯುಂಟು. ತಾಯಿಯ ಸಂಕಟ ನೋಡಿ. ಅಣ್ಣ ಸತ್ತಿದ್ದರೆ ಎಲೆ ಹಾಕಬೇಕು, ಇಲ್ಲವಾದರೆ ಹಸಿದ ಜೀವ. ಬದುಕಿದ್ದರೆ ಎಲೆ ಹಾಕಬಾರದು. ಜೀವಂತ ಇರುವವನಿಗೆ ಬಡಿಸಿದರೆ ಅದಕ್ಕಿಂತ ಕೇಡು ಬೇರಿಲ್ಲ. ಆಕೆ ಹನ್ನೆರಡು ವರ್ಷ ಕಾದರು. ಆಮೇಲೆ ಬಾಳೆಯೆಲೆಯನ್ನು ತೊಳೆದು ಇಡುವರು, ಅನ್ನ ಮಾತ್ರ ಬಡಿಸಲಾರರು. ಕೊನೆಯವರೆಗೂ ಹಾಗೆಯೇ ನಡೆಯಿತಂತೆ, ಎಲೆ ಇತ್ತು, ಅನ್ನವಿಲ್ಲ. “ಅಮ್ಮ ಹೆದರಿದ್ದು ಭೂತಕ್ಕಲ್ಲ, ಗೊತ್ತಿಲ್ಲದ್ದಕ್ಕೆ” ಎಂದರು ಆ ಹಿರಿಯರು, ಆ ಗೋಡೆಯ ತುಂಡಿನ ಪಕ್ಕದಲ್ಲಿ ನಿಂತು. ಲಾಟೀನು ಹಿಡಿದ ತರುಣ ಕೂಡ ಆಗ ಸುಮ್ಮನಾದ. ನಮ್ಮ ಹುಡುಗರೊಬ್ಬರು ಅದನ್ನು ಅವನಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದ ಮೇಲೆ ಆತ ಹಿರಿಯರ ಕೈ ಹಿಡಿದು ರಸ್ತೆ ದಾಟಿಸಿದ. ಮುಂದಿನ ದಾರಿಯುದ್ದಕ್ಕೂ ಧ್ವನಿಯನ್ನು ನಡುಗಿಸಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇವೆ. ಬಜಾರ್‌ಗೇಟಿನ ಓಣಿಗಳನ್ನು ಹಾದೆವು. ಹಗಲೆಲ್ಲ ಹೋಟೆಲಿನಲ್ಲಿ ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದ ನಮ್ಮವರ ಕೋಟೆ ಅದು. ಆ ಓಣಿಗಳ ಬಗ್ಗೆ ಗೈಡಿನಲ್ಲಿ ಕಥೆ ಇರಲಿಲ್ಲ. 1718ರಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಇಗರ್ಜಿಯನ್ನು ಹೊರಗಿನಿಂದ ನೋಡಿದೆವು. ಒಳಗೆ ಕಂಪನಿ ಕಾಲದ ಸಾಹೇಬರ ಹೆಸರು, ಹುದ್ದೆ, ಮರಣದ ತಾರೀಖು ಎಲ್ಲ ಅಮೃತಶಿಲೆಯಲ್ಲಿವೆ. ಹುತಾತ್ಮಾ ಚೌಕದಲ್ಲಿ ನಿಂತೆವು. 1955ರ ನವೆಂಬರ್ 21ರಂದು ಅಲ್ಲಿ ಪೊಲೀಸರ ಗೋಲೀಬಾರಿಗೆ ಜನ ಬಲಿಯಾದರು. ಆದರೆ ಗೈಡ್ ಅಲ್ಲಿ ಒಂದೂ ಭೂತದ ಕಥೆ ಹೇಳಲಿಲ್ಲ. ಏಕೆಂದು ಕೇಳಿದೆವು. “ಅಲ್ಲಿ ಸ್ಮಾರಕವಿದೆಯಲ್ಲ, ವರ್ಷ ವರ್ಷ ಹಾರ ಹಾಕುತ್ತಾರೆ” ಎಂದ. ಯೋಚಿಸದೆ ಹೇಳಿದ ಮಾತು. ಆದರೆ ಅಂದಿನ ಮಾತುಗಳಲ್ಲೆಲ್ಲ ಇದೇ ತೂಕದ್ದೆಂದು ನಮಗೆ ತೋರಿತು.

ನಡಿಗೆ ಮುಗಿದದ್ದು ರಾಜಾಬಾಯಿ ಗೋಪುರದ ಎದುರು. ಪ್ರೇಮಚಂದ ರಾಯಚಂದರು ತಾಯಿಯ ಹೆಸರಿನಲ್ಲಿ ಹಣ ಕೊಟ್ಟು ಕಟ್ಟಿಸಿದ, 280 ಅಡಿ ಎತ್ತರದ ಗಡಿಯಾರದ ಗೋಪುರ, 1878ರಲ್ಲಿ ಪೂರ್ಣವಾಯಿತು. 1891ರ ಏಪ್ರಿಲ್ 25ರಂದು ಇಬ್ಬರು ಪಾರಸಿ ಯುವತಿಯರು ಅದರ ಮೇಲಿನಿಂದ ಬಿದ್ದು ಸತ್ತರು. ಅವರಲ್ಲಿ ಒಬ್ಬರು, ಮುಂದೆ ಬೀಗಗಳಿಂದ ಹೆಸರಾದ ಅರ್ದೇಶಿರ್ ಗೋದ್ರೇಜರ ಪತ್ನಿ. ಒಬ್ಬಾತನ ಮೇಲೆ ಮೊಕದ್ದಮೆ ನಡೆದು ಆತ ಬಿಡುಗಡೆಯಾದ. ಅಂದು ನಡೆದದ್ದೇನೆಂಬುದು ಇತ್ಯರ್ಥವಾಗಲೇ ಇಲ್ಲ. ಇತ್ಯರ್ಥವಾಗದ್ದರಿಂದಲೇ ನೂರಮೂವತ್ತು ವರ್ಷ ದಾಟಿದರೂ ಗೋಪುರದ ಮೇಲೆ ಬಿಳಿ ಸೀರೆ ಕಂಡವರಿದ್ದಾರೆ.

ಈಗ ಹಿರಿಯರ ಆಕ್ಷೇಪಣೆಗೆ ಉತ್ತರ. ಭೂತವಿದೆಯೇ ಇಲ್ಲವೇ ಎಂಬ ತರ್ಕಕ್ಕೆ ನಾವು ಕೈಹಾಕುವುದಿಲ್ಲ. ಭೂತದ ಮಾತು ನಮ್ಮ ನಾಡಿಗೆ ಹೊಸದೂ ಅಲ್ಲ. ಘಟ್ಟದ ಮೇಲೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ಅದನ್ನು ಹಿಂದಕ್ಕೆ ಕಳಿಸಿದ್ದೇವೆ. ಘಟ್ಟದ ಕೆಳಗೆ ‘ಇಂದೇ ಬಾ’ ಎಂದು ಕರೆದು, ಅಂಗಳದಲ್ಲಿ ನಿಲ್ಲಿಸಿ, ಕೈಮುಗಿದು ಕೇಳಿದ್ದೇವೆ. ಕಲ್ಕುಡನ ಕಥೆ ತುಳುನಾಡಿನವರಿಗೆ ಗೊತ್ತು. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲನ್ನು, ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಕಡಿಸಿದನಂತೆ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾದರು. ಇಂದಿಗೂ ಕೋಲದಲ್ಲಿ ಆ ಅನ್ಯಾಯವನ್ನು ಹೆಸರು ಹಿಡಿದು ಹೇಳುತ್ತಾರೆ, ಜನ ನಿಂತು ಕೇಳುತ್ತಾರೆ. ಕೂಲಿಕಾರನ ಸಂಕಟವನ್ನು ಅಂಗಳಕ್ಕೆ ಕರೆದು ಕೇಳಿದ ಜನ ನಾವು. ಅದೇ ಸಂಕಟವನ್ನು ನಗರದಲ್ಲಿ ಟಿಕೇಟು ಕೊಟ್ಟು ಕೇಳಿ ನಕ್ಕು ಹೋಗುವುದಾದರೆ, ಅದು ನಮಗೆ ಒಪ್ಪುವುದಿಲ್ಲ.

ಗಿರಣಿಗಳ ಗತಿಯೂ ಅದೇ ಆಗುತ್ತಿದೆ. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಬೀದಿಗೆ ಬಂದರು. ಅದೇ ವರ್ಷ ಬೆಂಕಿಗೆ ಸಿಕ್ಕ ಕೊಲಾಬಾದ ಮುಕೇಶ್ ಮಿಲ್ಲು ಸಿನಿಮಾ ಚಿತ್ರೀಕರಣದ ತಾಣವಾಗಿ, ಈಗ ‘ಭೂತದ ಗಿರಣಿ’ ಎಂದು ಪ್ರಸಿದ್ಧ. ಅಲ್ಲಿ ಯಾರು ಮಗ್ಗ ನಡೆಸಿದರು, ಯಾರು ನೂಲು ಸುತ್ತಿದರು ಎಂದು ಕೇಳಿದರೆ ಹೇಳುವವರಿಲ್ಲ. ನಮ್ಮ ಕಸಬು ಕಲಿಸಿದ ಪಾಠ ಇದು: ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನೇ ಭೂತವಾಗುತ್ತಾನೆ.

ಆದ್ದರಿಂದ ಸಭೆಯ ಮುಂದೆ ಒಂದು ಸೂಚನೆ. ವಾಚನಾಲಯದ ಮೇಜಿನ ಮೇಲೆ, ಸಲಹಾ ಪುಸ್ತಕದ ಪಕ್ಕದಲ್ಲಿ, ಗೆರೆ ಹಾಕಿದ ಒಂದು ದಪ್ಪ ಪುಸ್ತಕವನ್ನು ಇಡೋಣ. ಊರು ಬಿಟ್ಟು ಈ ನಗರಕ್ಕೆ ಬಂದು ಇಲ್ಲಿಯೇ ತೀರಿಹೋದ ನಿಮ್ಮ ಮನೆಯವರ ಹೆಸರು, ಊರು, ಬಂದ ವರ್ಷ, ಮಾಡಿದ ಕೆಲಸ, ತಿಳಿದಿದ್ದರೆ ಮರಣದ ದಿನ, ಇಷ್ಟನ್ನು ಅದರಲ್ಲಿ ಬರೆಯಿರಿ. ಬರೆಯಲು ಬಾರದ ಹಿರಿಯರು ಹೇಳಿದರೆ ಸಾಕು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬರೆದುಕೊಳ್ಳಲು ನಾವು ಕುಳಿತಿರುತ್ತೇವೆ. ಪುಸ್ತಕದ ಖರ್ಚನ್ನು ನಡಿಗೆಗೆ ಹೋದ ಹನ್ನೊಂದು ಮಂದಿ ಹಂಚಿಕೊಂಡಿದ್ದೇವೆ. ಮೊದಲನೆಯ ಸಾಲು ಆಗಲೇ ತುಂಬಿದೆ. ಕುಂದಾಪುರದ ಕಡೆಯವರು, ಡಾಕಿನ ಕೂಲಿ, 1944ರ ಏಪ್ರಿಲ್ 14. ಹೆಸರನ್ನು ಅವರ ಸೋದರಳಿಯ ತಮ್ಮ ಕೈಯಿಂದಲೇ ಬರೆದಿದ್ದಾರೆ.

ಎರಡನೆಯ ಸಾಲು ಖಾಲಿಯಿದೆ.